ದೂರಕ್ಕೊಂದು ಲೆಕ್ಕ, ಹೊತ್ತಿಗೊಂದು ಲೆಕ್ಕ

ನಿಮ್ಮ ಶಾಲೆಯ ಬೀರುವಿನ ಮೇಲಿರುವ ಗ್ಲೋಬನ್ನು ಒಮ್ಮೆ ಕೆಳಗಿಳಿಸಿ. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆಯ ಭೂಪಟ ನೋಡಿದರೆ ಪೂರ್ವಕ್ಕೆ, ಶಾಂತಸಾಗರದ ಮೇಲೆ ಹೋಗಬೇಕು ಅನ್ನಿಸುತ್ತದೆ. ದಾರ ಮಾತ್ರ ಉತ್ತರಕ್ಕೆ ಏರಿ, ಧ್ರುವ ಪ್ರದೇಶದ ಅಂಚು ಮುಟ್ಟಿ, ಆಚೆ ಇಳಿಯುತ್ತದೆ. ಅದೇ ಹತ್ತಿರದ ದಾರಿ. ಸುಮಾರು 14,000 ಕಿಲೋಮೀಟರ್.

ಈ ಲೆಕ್ಕಕ್ಕೆ ಭೂಮಿಯ ಗಾತ್ರ ತಿಳಿದಿರಬೇಕು. ಅದನ್ನು ಅಳೆದವರ ಕಥೆ ನಮ್ಮ ಸೀಮೆಯ ಪಕ್ಕದಲ್ಲೇ ಇದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ತ್ರಿಕೋನಮಿತಿಯ ಮಹಾಸರ್ವೇಕ್ಷಣೆ ಆರಂಭಿಸಿದ. ಸರಪಳಿ, ಥಿಯೊಡೊಲೈಟ್ ಹೊತ್ತ ಅವನ ತಂಡ ಬೆಂಗಳೂರಿನಿಂದ ಗುತ್ತಿಗೆ, ಅಲ್ಲಿಂದ ಬೀದರ್ ಕಡೆಗೆ ತ್ರಿಕೋನಗಳನ್ನು ಹೆಣೆಯುತ್ತ ನಡೆಯಿತು. ಒಂದು ಅಕ್ಷಾಂಶದ ಉದ್ದವೆಷ್ಟು ಎಂಬುದೇ ಅವರ ಪ್ರಶ್ನೆ. ಉತ್ತರ ಇಂದು ನಿಮ್ಮ ಪಠ್ಯದಲ್ಲಿದೆ: ಸುಮಾರು 111 ಕಿಲೋಮೀಟರ್. ರಾಯಚೂರು 16.2 ಡಿಗ್ರಿ, ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶ ಹೆಚ್ಚುಕಡಿಮೆ ಒಂದೇ. ಕಳೆದು ಗುಣಿಸಿ ನೋಡಿ. ನೇರ ದೂರ ಸುಮಾರು 355 ಕಿಲೋಮೀಟರ್ ಬರುತ್ತದೆ.

ದೂರ ಬದಲಾಗದು, ಹೊತ್ತು ಬದಲಾಗುತ್ತದೆ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಎತ್ತಿನ ಬಂಡಿಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಅಂದಿನಿಂದ ದಿನಗಳ ಲೆಕ್ಕಕ್ಕೆ ಇಳಿಯಿತು. ಊರುಗಳು ಒಂದಡಿಯೂ ಸರಿದಿರಲಿಲ್ಲ.

ನೂರೈವತ್ತು ವರ್ಷಗಳ ನಂತರದ ಮಾತು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟಿತು. ಚಾಲಕರೆಲ್ಲ ಮಹಿಳೆಯರು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ಮೇಲೆ ಹಾರಿ, 11ರ ನಸುಕಿಗೆ ಅದು ಬೆಂಗಳೂರಿನಲ್ಲಿ ಇಳಿಯಿತು. ತಾರೀಖು ಎರಡು ದಿನ ಹೇಳುತ್ತದೆ. ಹಾರಿದ್ದು ಸುಮಾರು 17 ಗಂಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದೇ ಈ ಗೊಂದಲಕ್ಕೆ ಕಾರಣ.

ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಸಾಕಲ್ಲ ಎಂದು ನೀವು ಕೇಳಬಹುದು. ವಿಮಾನ ದಾರದ ಮೇಲೆ ಹಾರುವುದಿಲ್ಲ. ಗಾಳಿ, ಹವಾಮಾನ, ದೇಶಗಳ ಅನುಮತಿ ಎಲ್ಲವನ್ನೂ ನೋಡಿ ದಾರಿ ಗೊತ್ತುಮಾಡುತ್ತಾರೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಒಮ್ಮೆ ಹಿಂದಿನಿಂದ ತಳ್ಳುತ್ತದೆ, ಒಮ್ಮೆ ಎದುರಾಗುತ್ತದೆ. ಹೀಗಾಗಿ ಅದೇ ದೂರಕ್ಕೆ ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ.

ಆ ವಿಮಾನದಲ್ಲಿ ದೇವದುರ್ಗದ ಹುಡುಗಿಯೊಬ್ಬಳು ಇದ್ದಳೆಂದು ಭಾವಿಸಿ. ಬೆಂಗಳೂರಿನಿಂದ ರಾಯಚೂರಿಗೆ ರೈಲಿನಲ್ಲಿ ಸುಮಾರು ಎಂಟು ಗಂಟೆ. ಮುಂದೆ ಬಸ್ಸು. ದಾಟಿ ಬಂದ ದೂರದ ನಲವತ್ತರಲ್ಲೊಂದು ಪಾಲಿನಷ್ಟು ದೂರಕ್ಕೆ ಅವಳು ಹಾರಿದ ಹೊತ್ತಿನ ಅರ್ಧಕ್ಕೂ ಮಿಕ್ಕಿ ಬೇಕಾಯಿತು. ಮಾನ್ವಿಯವರ ಲೆಕ್ಕವೂ ಇದೇ.

ದೂರ ಭೂಮಿ ಕೊಟ್ಟದ್ದು. ಹೊತ್ತನ್ನು ನಿರ್ಧರಿಸುವುದು ಹಳಿ, ರಸ್ತೆ, ನಿಲ್ದಾಣ, ಅವನ್ನು ಕಟ್ಟುವ ಮನುಷ್ಯರು. ನಿಮ್ಮಲ್ಲಿ ಯಾರಾದರೂ ನಾಳೆ ಎಂಜಿನಿಯರ್ ಆದರೆ, ಈ ಕೊನೆಯ ಗಂಟೆಗಳ ಲೆಕ್ಕವನ್ನು ಮೊದಲು ಕೈಗೆತ್ತಿಕೊಳ್ಳಿ.