ಪರದೆಯ ಒಳಗೂ ಹೊರಗೂ

ಬೆಂಗಳೂರಿನ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆ ಎಂಬುದೊಂದಿದೆ. ಶಾಲಾ ಪ್ರವಾಸದ ಬಸ್ಸಿನಿಂದ ಆ ಹೆಸರು ಓದಿದ ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಅಲ್ಲಿ ಘೋಷಣೆ ಕೂಗ್ತಾರಾ?" ಎಂದು ಕೇಳಿದ್ದಳು. ಬಸ್ಸೆಲ್ಲ ನಕ್ಕಿತು. ಘೋಷಾ ಎಂದರೆ ಪರದೆ. ಪರಪುರುಷರ ಕಣ್ಣಿಗೆ ಬೀಳದಂತೆ ಹೆಂಗಸರು ಮರೆಯಲ್ಲಿರುವ ಪದ್ಧತಿ. ಆಸ್ಪತ್ರೆಗೆ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿದ್ದರೂ ಜನರ ಬಾಯಲ್ಲಿ ಉಳಿದದ್ದು ಈ ಪದ್ಧತಿಯ ಹೆಸರೇ. ಔಷಧ ಕೊಡುವ ಜಾಗಕ್ಕೆ ಹೆಂಗಸರ ರೂಢಿಯೊಂದರ ಹೆಸರು ಯಾಕೆ ಬಂತು ಎಂದು ಹುಡುಕಹೊರಟರೆ, ನಮ್ಮ ಅಜ್ಜಿ ಮುತ್ತಜ್ಜಿಯರ ಸಾವುಬದುಕಿನ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಈ ಕಥೆ ಮದರಾಸಿನಿಂದ ಶುರು. ಅಲ್ಲಿ ಬ್ಯಾರಿಸ್ಟರೊಬ್ಬರ ಹೆಂಡತಿಯಾಗಿ ಬಂದಿದ್ದ ಮೇರಿ ಶಾರ್ಲೀಬ್ ಎಂಬ ಇಂಗ್ಲಿಷ್ ಹೆಂಗಸಿಗೆ, ಹೆರಿಗೆಯಲ್ಲಿ ನೆರವಿಲ್ಲದೆ ಸಾಯುವ ನಮ್ಮ ಹೆಂಗಸರ ಸುದ್ದಿ ಕೇಳಿ ಕೇಳಿ ಸುಮ್ಮನಿರಲಾಗಲಿಲ್ಲ. ಆಸ್ಪತ್ರೆ ಇತ್ತು, ವೈದ್ಯರಿದ್ದರು. ಆದರೆ ವೈದ್ಯರೆಲ್ಲ ಗಂಡಸರು. ಆಕೆ 1875ರಲ್ಲಿ ಮದರಾಸ್ ಮೆಡಿಕಲ್ ಕಾಲೇಜಿಗೆ ತಾವೇ ಸೇರಿದರು. ಮುಂದೆ ಲಂಡನ್ನಿನಲ್ಲಿ ಪದವಿ ಪಡೆದು ಮರಳಿ ಬಂದು, 1885ರಲ್ಲಿ ಜಾತಿಕಟ್ಟಿನ ಹಾಗೂ ಘೋಷಾ ಹೆಂಗಸರಿಗೆಂದೇ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದರು. ಅದೇ ವರ್ಷ ವೈಸರಾಯರ ಪತ್ನಿ ಲೇಡಿ ಡಫರಿನ್, ಭಾರತದ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಕೀಯ ನೆರವು ದೊರಕಿಸುವ ನಿಧಿಯನ್ನು ಆರಂಭಿಸಿದರು. ಮದರಾಸಿನ ಆ ಆಸ್ಪತ್ರೆ ಇಂದು ಕಸ್ತೂರಬಾ ಗಾಂಧಿ ಆಸ್ಪತ್ರೆ. ಆದರೂ ಅಲ್ಲಿಯ ಹಳಬರಿಗೆ ಅದು ಘೋಷಾ ಆಸ್ಪತ್ರೆಯೇ.

ಇಂಥ ಆಸ್ಪತ್ರೆ ಇಲ್ಲದ ಊರಿನ ಗತಿ ಏನಾಗಿತ್ತು? 1890ರ ದಶಕದ ಆರಂಭದಲ್ಲಿ ತಮಿಳುನಾಡಿನ ತಿಂಡಿವನದಲ್ಲಿ ಐಡಾ ಸ್ಕಡರ್ ಎಂಬ ತರುಣಿ ಅದನ್ನು ಒಂದೇ ರಾತ್ರಿಯಲ್ಲಿ ಕಂಡಳು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಮೇಲುಜಾತಿಯ ಹಿಂದೂ ಒಬ್ಬರಾದ ಮೇಲೊಬ್ಬರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಲಾರದೆ ಒದ್ದಾಡುತ್ತಿದ್ದರು. ಐಡಾಳ ತಂದೆ ವೈದ್ಯರು, ಮನೆಯಲ್ಲೇ ಇದ್ದರು. ಆದರೆ ಗಂಡಸು ಬೇಡ, ನೀನೇ ಬಾ ಎಂದು ಮೂವರೂ ಹೇಳಿದರು. ಅವಳಿಗೆ ವೈದ್ಯ ತಿಳಿಯದು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆ ಗಂಡಂದಿರನ್ನು ಬೈಯುವುದು ಸುಲಭ. ಬೈಯಬೇಕಾದದ್ದೂ ಇದೆ. ಆದರೆ ಬೈದರೆ ಹೆಣ ಎದ್ದು ಕೂರುವುದಿಲ್ಲವಲ್ಲ. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯ ಪದವಿ ಪಡೆದರು. 1902ರಲ್ಲಿ ವೆಲ್ಲೂರಿನಲ್ಲಿ ಹೆಂಗಸರಿಗಾಗಿ ನಲವತ್ತು ಹಾಸಿಗೆಯ ಆಸ್ಪತ್ರೆ, 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ಶುರುವಾದವು. ನಮ್ಮ ಮೈಸೂರಿನಲ್ಲೂ 1906ರಲ್ಲಿ ಹೆಂಗಸರು ಮಕ್ಕಳಿಗೆಂದು ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವುದು ಅದನ್ನೇ. ರೂಢಿ ಬಿಟ್ಟು ಬನ್ನಿ, ಆಮೇಲೆ ಬದುಕಿಸುತ್ತೇವೆ ಎಂದು ಕಾದಿದ್ದರೆ ಎಷ್ಟು ಬಾಣಂತಿಯರು ಉಳಿಯುತ್ತಿದ್ದರೋ! ಮೊದಲು ಬದುಕಿಸಿದರು. ಅಲ್ಲಿ ಉಳಿದ ಹೆಂಗಸರ ಮೊಮ್ಮಕ್ಕಳೇ ಪರದೆ ಸರಿಸಿ ವೈದ್ಯರೂ ನರ್ಸ್‌ಗಳೂ ಆದರು.

ಹಾಗಾದರೆ ಎಲ್ಲ ರೂಢಿಗೂ ತಲೆಬಾಗಬೇಕೇ? ಈ ಪ್ರಶ್ನೆಗೆ ಕ್ರಮವಾಗಿ ಉತ್ತರ ಹುಡುಕಿದವರು ಮೆಡಲಿನ್ ಲೈನಿಂಜರ್ ಎಂಬ ಅಮೆರಿಕದ ನರ್ಸ್. 1950ರ ದಶಕದಲ್ಲಿ ಸಿನ್ಸಿನಾಟಿ ನಗರದಲ್ಲಿ ಮನಸ್ಸು ಕದಡಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಗ, ಬೇರೆ ಬೇರೆ ಜನಾಂಗದ ಮಕ್ಕಳ ಊಟ, ನಿದ್ದೆ, ಅಳು, ಸಮಾಧಾನ ಎಲ್ಲವೂ ಬೇರೆ ಬೇರೆ ಎಂಬುದು ಅವರ ಗಮನಕ್ಕೆ ಬಂತು. ನರ್ಸಿಂಗ್ ಪಾಠದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಆಕೆ ಮಾನವಶಾಸ್ತ್ರ ಓದಿದರು, ನ್ಯೂಗಿನಿಯ ಗ್ಯಾಡ್ಸಪ್ ಜನರ ಹಳ್ಳಿಗಳಲ್ಲಿ ಹೋಗಿ ನೆಲೆಸಿದರು. ನರ್ಸ್ ಆದವಳಿಗೆ ಮೂರು ದಾರಿಗಳಿವೆ ಎಂಬುದು ಅವರು ಕಂಡುಕೊಂಡ ಮಾತು: ಒಳ್ಳೆಯ ರೂಢಿಯನ್ನು ಉಳಿಸಿಕೊಡುವುದು, ತೊಡಕಿನದನ್ನು ಮಾತುಕತೆಯಿಂದ ಹೊಂದಿಸಿಕೊಳ್ಳುವುದು, ಕೇಡಿನದನ್ನು ಆ ಮನೆಯವರ ಜೊತೆ ನಿಂತೇ ಬದಲಾಯಿಸುವುದು.

ಈ ಮೂರನ್ನೂ ನಾನು ಪುಸ್ತಕದಲ್ಲಿ ಓದುವ ಮುಂಚೆಯೇ ಹೆರಿಗೆ ವಾರ್ಡಿನಲ್ಲಿ ಕಂಡಿದ್ದೆ. 1996ರಲ್ಲಿ ನನ್ನ ಮಗಳು ಹುಟ್ಟಿದಾಗ ಅಮ್ಮ ನನ್ನ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಮನೆಯಿಂದ ಮೆಣಸಿನ ಸಾರು ತಂದಿಟ್ಟುಕೊಂಡಿದ್ದರು. ಕೇರಳದ ಕಡೆಯ ಸಿಸ್ಟರ್ ಒಬ್ಬರು ಬಂದು ನೋಡಿ, "ಸಾರು ಒಳ್ಳೇದೇ ಅಮ್ಮಾ, ಬಿಸಿಬಿಸಿ ಕೊಡಿ" ಎಂದರು. ಅಮ್ಮನ ಮುಖ ಅರಳಿತು. ಆದರೆ ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆಂದು ಅಮ್ಮ ಗುಟುಕು ಲೆಕ್ಕದಲ್ಲಿ ನೀರು ಕೊಡುತ್ತಿದ್ದರು. ಸಿಸ್ಟರ್ ವಾದಕ್ಕಿಳಿಯಲಿಲ್ಲ. "ತಣ್ಣೀರು ಬೇಡ, ಜೀರಿಗೆ ಹಾಕಿ ಕುದಿಸಿದ ನೀರು ಫ್ಲಾಸ್ಕಿನಲ್ಲಿ ಇಟ್ಟುಬಿಡಿ, ಕೇಳಿದಷ್ಟು ಕೊಡಿ" ಎಂದರು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕೆಂದು ಅಮ್ಮ ಹೇಳಿದಾಗ ಮಾತ್ರ ಅವರು ಜಗ್ಗಲಿಲ್ಲ. ಮಗುವನ್ನು ತಾವೇ ಎತ್ತಿ ಎದೆಗಿಟ್ಟು, "ಇದೇ ಮಗುವಿಗೆ ಮೊದಲ ಔಷಧಿ ಅಮ್ಮಾ, ಇದನ್ನು ಚೆಲ್ಲಬಾರದು" ಎಂದು ಅಮ್ಮನ ಪಕ್ಕದಲ್ಲೇ ಕೂತು ಹೇಳಿದರು. ಸಾರಿಗೆ ಹೌದು ಎಂದವರ ಮಾತು ಎಂದೋ ಏನೋ, ಅಮ್ಮ ಒಪ್ಪಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸೊಗಸಾಗಿರುತ್ತಿತ್ತು. ಆದರೆ ಚರಿತ್ರೆಗೆ ಇನ್ನೊಂದು ಮುಖವಿದೆ. ಹಳೆಯ ಘೋಷಾ ಆಸ್ಪತ್ರೆಗಳು ಪರದೆಯನ್ನು ಮಾತ್ರವಲ್ಲ, ಜಾತಿಯ ಕಟ್ಟುಪಾಡನ್ನೂ ಒಳಗೆ ಬಿಟ್ಟುಕೊಂಡವು. ಆಗ ನರ್ಸ್‌ಗಳಾಗಿ ಬಂದವರಲ್ಲಿ ಕ್ರೈಸ್ತ, ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳೇ ಹೆಚ್ಚು. ಮಲಮೂತ್ರ, ರಕ್ತ ಮುಟ್ಟುವ ಕೆಲಸ ಮೈಲಿಗೆಯದೆಂದು ಮೇಲುಜಾತಿಯ ಮನೆಗಳು ಮಕ್ಕಳನ್ನು ಕಳಿಸುತ್ತಿರಲಿಲ್ಲ. 1946ರ ಭೋರ್ ಸಮಿತಿಯ ವರದಿಯಲ್ಲಿರುವ ಲೆಕ್ಕ ನೋಡಿ: 43,000 ಜನಕ್ಕೆ ಒಬ್ಬ ನರ್ಸ್! ಆ ಕೊರತೆಯ ಹಿಂದೆ ಹಣದ ಬಡತನವಿದ್ದಂತೆ ಈ ತಾತ್ಸಾರವೂ ಇತ್ತು.

ತಾತ್ಸಾರ 1946ಕ್ಕೆ ಮುಗಿಯಲೂ ಇಲ್ಲ. ನನ್ನ ದೊಡ್ಡಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಗ ಅವರ ಮೈ ಒರೆಸಿ, ಬೆಡ್‌ಪ್ಯಾನ್ ಇಟ್ಟು ತೆಗೆದು, ಮಗ್ಗುಲು ಬದಲಿಸುತ್ತಿದ್ದವರು ಒಬ್ಬ ಎಳೆಯ ಸಿಸ್ಟರ್. ಅದೆಲ್ಲಕ್ಕೂ ಆ ಕೈ ಆಗಬಹುದಿತ್ತು. ಅದೇ ಕೈಯಿಂದ ಕುಡಿಯುವ ನೀರು ಮಾತ್ರ ದೊಡ್ಡಮ್ಮನಿಗೆ ಆಗದು. ಆ ಹುಡುಗಿ ಲೋಟವನ್ನು ಮೇಜಿನ ಮೇಲಿಟ್ಟು, "ಟೀಚರ್, ಮಾತ್ರೆಗೆ ಹೊತ್ತಾಯಿತು, ನೀವೇ ಕುಡಿಸಿ" ಎಂದು ನನ್ನನ್ನು ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ, ರೂಢಿಯಾಗಿ ಹೋದ ಸುಸ್ತಿತ್ತು. ನಾನು ಲೋಟವನ್ನು ಅವರ ಕೈಗೇ ಕೊಟ್ಟು, "ದೊಡ್ಡಮ್ಮ, ಕೊಟ್ಟರೆ ಇವರೇ ಕೊಡಬೇಕು" ಎಂದು ನಿಂತೆ. ಬಹಳ ಹೊತ್ತು ಗೋಡೆ ನೋಡಿದ ದೊಡ್ಡಮ್ಮ ಕಡೆಗೆ ಬಾಯಿ ತೆರೆದರು. ಮನಸ್ಸು ಬದಲಾಯಿತೋ ಬಾಯಾರಿಕೆ ಗೆದ್ದಿತೋ, ದೇವರೇ ಬಲ್ಲ.

ಪರದೆ ಬೇಕೆನ್ನುವ ಹೆಂಗಸು ಕೇಳುವುದು ತನ್ನ ಮೈಯ ಮಾನವನ್ನು. ನೀರು ಬೇಡವೆನ್ನುವವರು ಕಳೆಯುವುದು ಇನ್ನೊಬ್ಬರ ಮಾನವನ್ನು. ಎರಡನ್ನೂ ರೂಢಿ ಎಂಬ ಒಂದೇ ಬುಟ್ಟಿಗೆ ಹಾಕಲಾಗದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತಷ್ಟೆ; ಆಸ್ಪತ್ರೆಯ ಮಂಚ ಅದಕ್ಕೆ ಹೊರತಲ್ಲ.

ಇವತ್ತು ನಮ್ಮ ಊರುಗಳ ಹುಡುಗಿಯರು, ನನ್ನ ಶಿಷ್ಯೆಯರೂ ಸೇರಿ, ಗಲ್ಫಿಗೆ, ಇಂಗ್ಲೆಂಡಿಗೆ ನರ್ಸ್ ಆಗಿ ಹೋಗುತ್ತಿದ್ದಾರೆ. ಅಲ್ಲಿಯವರ ನಮಾಜಿನ ಹೊತ್ತು, ಉಪವಾಸ, ಊಟ, ಅಳುವ ರೀತಿ ಎಲ್ಲವನ್ನೂ ಕಲಿಯುತ್ತಿದ್ದಾರೆ. ಕೇಳಿ ತಿಳಿದು ಆರೈಕೆ ಮಾಡುವುದು ಅವರ ಕೆಲಸ, ಸರಿ. ಹಾಸಿಗೆಯ ಪಕ್ಕದಲ್ಲಿ ಕೂರುವ ನಮಗೂ ಒಂದು ಕೆಲಸವಿದೆ. ಮುಂದಿನ ಸಲ ವಾರ್ಡಿಗೆ ಹೋದಾಗ ಸಿಸ್ಟರ್‌ಗೆ ಅವರ ಹೆಸರು ಕೇಳಿ, ಊರು ಕೇಳಿ. ಊಟ ಆಯಿತೇ ಎಂದೂ ಕೇಳಿ.