ವಾಗ್ಗುಪ್ತಿ: ಆಳಂದದಿಂದ ಸನ್ನತಿಯವರೆಗೆ

ಆಳಂದದ ಸೀಮೆಯ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಜೇವರ್ಗಿಯ ಸೀಮೆಯನ್ನು ಹಾದು ಸನ್ನತಿಯತ್ತ ಸಾಗುತ್ತದೆ. ಈ ಹರಿವಿನ ಮೇಲ್ಭಾಗದಲ್ಲಿ ಒಂದು ಮತಕಲಹದ ನೆನಪಿದೆ. ಕೆಳಭಾಗದಲ್ಲಿ, ಆ ಕಲಹಕ್ಕಿಂತ ಸುಮಾರು 1400 ವರ್ಷ ಮೊದಲೇ ಕಲ್ಲಿನಲ್ಲಿ ಕೊರೆದ ಅದರ ಪರಿಹಾರವಿದೆ.

ನೆನಪು ಏಕಾಂತದ ರಾಮಯ್ಯನದು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ, ಸುಮಾರು ಕ್ರಿ.ಶ. 1200ರ ಶಾಸನವು ಅವನ ಹುಟ್ಟೂರು ಆಳಂದೆ ಎನ್ನುತ್ತದೆ. ಜೈನರೊಡನೆ ವಾದವಾಗಿ ಅವನು ತನ್ನ ತಲೆಯನ್ನು ಅರಿದು ಮರಳಿ ಪಡೆದನೆಂದೂ, ಜಿನಬಿಂಬವನ್ನು ಒಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತನೆಂದೂ ಅದು ಸಾರುತ್ತದೆ. ಇದು ಗೆದ್ದ ಪಕ್ಷದ ಬರಹ. ಓದುವ ಜೈನನ ಮನಸ್ಸು ಕಲಕುವುದು ಸಹಜ. ಆದರೆ 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ತೆರೆದವರಿಗೆ, ಪರಮತಗಳನ್ನು ಹೀಗಳೆಯುವುದರಲ್ಲಿ ನಮ್ಮವರೂ ಹಿಂದುಳಿಯಲಿಲ್ಲವೆಂಬುದು ತಿಳಿಯುತ್ತದೆ. ಮಾತಿನ ಪೆಟ್ಟು ಸುತ್ತಿಗೆಯ ಪೆಟ್ಟಲ್ಲ, ನಿಜ. ಆದರೆ ಸುತ್ತಿಗೆಯನ್ನು ಎತ್ತುವ ಕೈಗೆ ಮಾತೇ ಮೊದಲ ಬಲವನ್ನು ಕೊಡುತ್ತದೆ.

1986ರಲ್ಲಿ ಸನ್ನತಿಯ ಚಂದ್ರಲಾಂಬಾ ಕ್ಷೇತ್ರದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ 12 ಮತ್ತು 14ನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಬೆಳಕಿಗೆ ಬಂದವು. 12ನೆಯದರ ತಿರುಳು ಇದು: ಎಲ್ಲ ಮತಗಳ ಸಾರವೂ ಬೆಳೆಯಬೇಕು, ಅದಕ್ಕೆ ಮೂಲ ಮಾತಿನ ಸಂಯಮ. ಕಾರಣವಿಲ್ಲದೆ ಸ್ವಮತವನ್ನು ಹೊಗಳಬಾರದು, ಪರಮತವನ್ನು ಹಳಿಯಬಾರದು, ಕಾರಣವಿದ್ದಾಗಲೂ ಮಿತವಾಗಿರಬೇಕು. ಹಾಗೆ ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ. ಇದೇ ಶಾಸನದ ಗಿರ್ನಾರ ಪಾಠದಲ್ಲಿ ಈ ಸಂಯಮಕ್ಕೆ ‘ವಚಿಗುತಿ’ ಎಂಬ ಪದವಿದೆ. ಅದು ನಮ್ಮ ಮೂರು ಗುಪ್ತಿಗಳಲ್ಲಿ ಒಂದಾದ ವಚನಗುಪ್ತಿಯೇ ಅಲ್ಲವೆ?

ಮೊದಲ ಪ್ರತ್ಯೇಕ ಶಾಸನವು ಅಧಿಕಾರಿಗಳನ್ನು ಕುರಿತದ್ದು. ನಿಷ್ಕಾರಣವಾಗಿ ಯಾರನ್ನೂ ಬಂಧಿಸದಂತೆ, ಪೀಡಿಸದಂತೆ ಅದು ಎಚ್ಚರಿಸುತ್ತದೆ. ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ, ಆಯಾಸಗಳಿಂದ ಮನುಷ್ಯನು ನ್ಯಾಯದಿಂದ ಜಾರುತ್ತಾನೆ ಎನ್ನುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಹಿಂಸೆಯ ಬೇರನ್ನು ಕಾಣುವುದು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ. ಎರಡು ಪರಂಪರೆಗಳೂ ನಮ್ಮನ್ನು ನಿಲ್ಲಿಸುವುದು ಒಂದೇ ಕಡೆ: ಕೃತ್ಯಕ್ಕೆ ಮುಂಚಿನ ಕ್ಷಣದಲ್ಲಿ. ಆಯ್ಕೆಯಿರುವುದು ಅಲ್ಲಿಯೇ.

ಹಾಗಾದರೆ ಅಬ್ಬಲೂರಿನ ಶಾಸನವನ್ನು ಮರೆಮಾಡಬೇಕೆ? ಬೇಡ. ಸತ್ಯವ್ರತವನ್ನು ಬಿಟ್ಟ ಅಹಿಂಸೆ ಅಹಿಂಸೆಯಲ್ಲ. ಒಡೆದ ಬಿಂಬವನ್ನು ಒಡೆದದ್ದೆಂದೇ ಹೇಳಬೇಕು. ಆದರೆ ಆ ಸಾಲವನ್ನು ಇಂದಿನ ಆಳಂದದ ನೆರೆಯವನ ಲೆಕ್ಕಕ್ಕೆ ಬರೆಯಬಾರದು. ಗುಪ್ತಿಯು ಮಾತನ್ನು ತಡೆಯುತ್ತದೆ, ಭಾಷಾಸಮಿತಿಯು ಎಚ್ಚರದಿಂದ ಆಡಿಸುತ್ತದೆ. ಇವು ಮುನಿಗಳ ಆಚರಣೆಗಳಾದರೂ ಇತಿಹಾಸವನ್ನು ಬರೆಯುವ ಶ್ರಾವಕನಿಗೆ ಎರಡೂ ಬೇಕು. ಸೈನ್ಯ, ಸಿಂಹಾಸನಗಳಿಲ್ಲದ ನಮ್ಮ ಕೈಯಲ್ಲಿ ಉಳಿದಿರುವುದು ಮುಂದಿನ ವಾಕ್ಯವೊಂದೇ. ಅದನ್ನು ಹೇಗೆ ಬರೆಯುತ್ತೇವೆಂಬುದೇ ನಮ್ಮ ವ್ರತದ ಪರೀಕ್ಷೆ.