ಮಥುರಾ ರಸ್ತೆಯ ಮೈಲಿಗಲ್ಲು

ದೆಹಲಿಗೆ ಬಂದು ಮೂವತ್ತು ವರ್ಷ ದಾಟಿತು. ಆಗೆಲ್ಲ ಆಗ್ರಾದ ಚಿಕ್ಕಮ್ಮನ ಮನೆಗೆ ಹೋಗಬೇಕೆಂದರೆ ಮಥುರಾ ರಸ್ತೆಯೇ ಗತಿ. ಫರೀದಾಬಾದ್, ಪಲ್ವಲ್, ಹೋಡಲ್, ಕೋಸಿ, ಮಥುರಾ.. ನಮ್ಮ ಹಳೇ ಮಾರುತಿಯಲ್ಲಿ ಐದು ತಾಸು! ಫರೀದಾಬಾದಿನಲ್ಲಿ ಧಾರವಾಡದ ಗೆಳೆಯನ ಮನೆ. ಅಲ್ಲಿ ಇಳಿದು ಅವಲಕ್ಕಿ, ಚಹಾ ಆಗದೆ ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಮನೆಗಳ ನಡುವೆ ನಿಂತಿದ್ದ ಕೋಸ್ ಮಿನಾರನ್ನು ನನಗೆ ತೋರಿಸಿದವನು ಅವನೇ. ನಾನು ಅದನ್ನು ಯಾವುದೋ ಇಟ್ಟಿಗೆ ಗೂಡಿನ ಚಿಮಣಿ ಅಂದುಕೊಂಡಿದ್ದೆ. ಒಂದು ಕೋಸ್ ಅಂದರೆ ಸುಮಾರು 3 ಕಿಲೋಮೀಟರ್. ಆಗ್ರಾದಿಂದ ಅಜ್ಮೀರದವರೆಗೆ ಕೋಸಿಗೊಂದು ಮಿನಾರ್ ಕಟ್ಟಲು ಅಕ್ಬರ್ 1575ರಲ್ಲಿ ಆಜ್ಞೆ ಮಾಡಿದ್ದ. ಆಗ್ರಾ-ಲಾಹೋರ್ ದಾರಿಗೆ 1619ರಲ್ಲಿ ಜಹಾಂಗೀರನ ಆಜ್ಞೆ. ದೆಹಲಿಯ ಮೃಗಾಲಯದೊಳಗೂ ಒಂದಿದೆ (ಹುಲಿ ನೋಡಲು ಹೋದವರಿಗೆ ಅದೆಲ್ಲಿ ಕಾಣಬೇಕು ಬಿಡಿ). ಟಪಾಲು ಒಯ್ಯುವವರಿಗೆ, ವ್ಯಾಪಾರಿಗಳಿಗೆ ದೂರದಿಂದಲೇ ದಾರಿ ತೋರುತ್ತಿದ್ದವು. ದಾರಿ ಸರಿದಲ್ಲೆಲ್ಲ ಮಿನಾರ್ ಹೊಲದಲ್ಲೋ ಹಿತ್ತಲಲ್ಲೋ ಉಳಿದುಬಿಟ್ಟಿತು.

2012ರ ಆಗಸ್ಟಿನಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಬಂತು. ಗ್ರೇಟರ್ ನೊಯ್ಡಾದಿಂದ ಆಗ್ರಾಗೆ 165 ಕಿಲೋಮೀಟರ್, ನೇರ. ನಮ್ಮ ದಾರಿಯಿಂದ ಫರೀದಾಬಾದ್ ತಪ್ಪಿಹೋಯಿತು. ಗೆಳೆಯ ಫೋನ್ ಮಾಡಿದಾಗಲೆಲ್ಲ "ಮುಂದಿನ ಸಲ ಬರ್ತೀನಿ ಮಾರಾಯ" ಅನ್ನುತ್ತಿದ್ದೆ. ಎಷ್ಟು ಮುಂದಿನ ಸಲಗಳೋ!

ಹೋದ ಚಳಿಗಾಲ ಅವನು ತೀರಿಕೊಂಡ. ಹಳೇ ರಸ್ತೆಯಲ್ಲೇ ಹೋದೆ. ಮಿನಾರ್ ಅಲ್ಲೇ ಇತ್ತು, ಸುತ್ತ ಮನೆಗಳು ಇನ್ನೂ ಒತ್ತಿಕೊಂಡಿದ್ದವು. ವೈನಿ ಬಾಗಿಲು ತೆಗೆದವರು ನನ್ನ ಕೈಚೀಲ ನೋಡಿ, "ಆಗ್ರಾಕ್ಕ ಹೊಂಟೀರೇನ್ರಿ?" ಅಂದರು.

"ಇಲ್ಲ ವೈನಿ, ಇಲ್ಲಿಗೇ ಬಂದೆ."